ದಂಡಿನ ಮಾತು, ಜೋಳದ ಋಣ

ಯುದ್ಧದ ಮಾತು ಎಂದೊಡನೆ ನಮ್ಮ ಕಿವಿಗೆ ಕೇಳಿಸುವುದು ಕತ್ತಿಗಳ ಖಣಖಣ, ತೋಪುಗಳ ಗುಡುಗು. ಆದರೆ ದಂಡಿನಲ್ಲಿ ಹುಟ್ಟಿದ, ದಂಡಿನ ಜೊತೆಗೇ ಊರೂರು ಅಲೆದ ಪದಗಳ ಬೇರನ್ನು ಒಂದೊಂದಾಗಿ ಕೆದಕುತ್ತ ಹೋದರೆ ಕೈಗೆ ಸಿಗುವ ಸಾಮಗ್ರಿ ಬೇರೆಯೇ. ಜೋಳ ಸಿಗುತ್ತದೆ, ರೊಟ್ಟಿ ಸಿಗುತ್ತದೆ. ದನ, ಹೊಲ, ನಾಣ್ಯ, ಸಾಲ ಸಿಗುತ್ತವೆ. ಯಾರು ಉಣಿಸಿದರು, ಯಾರು ಉಂಡರು, ಉಂಡ ಋಣ ತೀರಿಸಲು ಯಾರು ಸತ್ತರು, ಸತ್ತವನ ಮನೆಗೆ ಯಾರು ಏನು ಕೊಟ್ಟರು ಎಂಬ ಲೆಕ್ಕವೇ ಸೈನಿಕ ಪದಗಳ ಒಳಗೆ ಅಡಗಿರುವ ಅರ್ಥ. ಹಳೆಯ ಪದಗಳು ಈ ಲೆಕ್ಕವನ್ನು ಸಾಮಾನ್ಯವಾಗಿ ಮುಚ್ಚುಮರೆಯಿಲ್ಲದೆ ಹೇಳಿದವು. ರಾಜ್ಯಗಳು ದೊಡ್ಡವಾಗಿ, ಯುದ್ಧ ಸಾರುವವರೂ ಯುದ್ಧದಲ್ಲಿ ಸಾಯುವವರೂ ಒಬ್ಬರ ಮುಖ ಒಬ್ಬರು ಕಾಣದ ಕಾಲ ಬಂದಂತೆ ಲೆಕ್ಕ ಮುಚ್ಚುವ ಪದಗಳು ಹೆಚ್ಚಾದವು. ಯುದ್ಧದ ಪದವೊಂದನ್ನು ಅಳೆಯಲು ನಮಗಿರುವ ಸರಿಯಾದ ಕೋಲು ಒಂದೇ ಎಂದು ನನ್ನ ವಾದ: ಆ ಪದ ಲೆಕ್ಕವನ್ನು ತೆರೆದು ತೋರುತ್ತದೆಯೇ, ಮುಚ್ಚಿಡುತ್ತದೆಯೇ?

ನಮ್ಮದೇ ಹಳಗನ್ನಡದಿಂದ ಆರಂಭಿಸೋಣ. ಒಡೆಯನ ಅನ್ನ ಉಂಡವನು ಅವನಿಗಾಗಿ ಕಾದಬೇಕೆಂಬ ಕಟ್ಟುಪಾಡಿಗೆ ನಮ್ಮ ಪೂರ್ವಿಕರು ಕೊಟ್ಟ ಹೆಸರು ಜೋಳವಾಳಿ, ಅಂದರೆ ಜೋಳದ ಪಾಳಿ. ರಾಜಭಕ್ತಿ, ದೇಶಪ್ರೇಮ ಮುಂತಾದ ದೊಡ್ಡ ಮಾತುಗಳನ್ನೆಲ್ಲ ಬಿಟ್ಟು ಅವರು ಹಿಡಿದದ್ದು ಜೋಳವನ್ನು. ಕ್ರಿ.ಶ. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆಯುವ ಹೊತ್ತಿಗೆ ಈ ಕಲ್ಪನೆ ಕನ್ನಡ ನೆಲದಲ್ಲಿ ಗಟ್ಟಿಯಾಗಿ ಬೇರೂರಿತ್ತು. ಅವನ ಕರ್ಣ ದುರ್ಯೋಧನನನ್ನು ಬಿಟ್ಟು ಬರಲಾರದ ಸಂಕಟ ಜೋಳವಾಳಿಯನ್ನು ಅರಿತವರಿಗೆ ಬೇಗ ಮುಟ್ಟುತ್ತದೆ. ಇದರ ಪಕ್ಕದಲ್ಲೇ ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳಿದ್ದವು. ಒಡೆಯ ಸತ್ತರೆ ತಾನೂ ಸಾಯುವೆನೆಂದು ಭಾಷೆ ಕೊಟ್ಟವರ ಕಟ್ಟುಪಾಡು ಅದು. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಈ ವೀರಜೀವನದ ಪದಗಳನ್ನು ಕಲ್ಲುಗಳಿಂದ ಎತ್ತಿ ನಮ್ಮ ಮುಂದಿಟ್ಟರು. ಸೇವೆಗಾಗಿ ಕೊಡುತ್ತಿದ್ದ ಭೂಮಿಗೆ ಉಂಬಳಿ ಎಂದು ಹೆಸರು. ಅದರಲ್ಲಿ ಉಣ್ಣುವ ಕ್ರಿಯೆ ನೇರವಾಗಿ ಕೇಳಿಸುತ್ತದೆ. ತಿಂಗಳ ಕೊನೆಗೆ ನಾವೆಲ್ಲ ಎದುರುನೋಡುವ ಸಂಬಳವೂ ಸಂಸ್ಕೃತದಲ್ಲಿ ದಾರಿಬುತ್ತಿಯಾಗಿತ್ತು, ಪಯಣ ಹೊರಟವನು ಗಂಟು ಕಟ್ಟಿಕೊಂಡು ಹೋಗುವ ಆಹಾರ. ಎಲ್ಲಕ್ಕಿಂತ ನಿಷ್ಠುರವಾದ ಪದ ನೆತ್ತರುಗೊಡಗೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ನೆತ್ತರಿಗೆ ನೆಲ ಎಂದು ಇಷ್ಟು ನೇರವಾಗಿ ಹೇಳುವ ಪದವನ್ನು ಇಂದಿನ ಯಾವ ಸರ್ಕಾರವೂ ತನ್ನ ಆದೇಶದಲ್ಲಿ ಬರೆಯುವ ಧೈರ್ಯ ಮಾಡಲಿಕ್ಕಿಲ್ಲ.

ಈ ಲೆಕ್ಕಪುಸ್ತಕದ ಹಾಳೆಗಳು ನಮ್ಮ ಊರುಗಳ ಹೊರವಲಯದಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳು. ಅವುಗಳಲ್ಲಿ ಅನೇಕವು ಹೇಳುವುದು ತುರುಗೋಳಿನ ಕಥೆ. ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ, ತುರುಗಳನ್ನು ಮರಳಿಸಿ ಸತ್ತವನ ಕಲ್ಲು ಅದು. ಯಾವ ಊರು, ಯಾರ ಆಳು, ಯಾವ ಜಗಳ, ಸತ್ತ ಮೇಲೆ ಕೊಟ್ಟದ್ದೇನು ಎಂಬುದನ್ನು ಶಾಸನ ಆದಷ್ಟು ಬರೆದಿಡುತ್ತದೆ. ಬೆಂಗಳೂರಿನ ಹೆಸರು ನಮಗೆ ಮೊದಲು ಸಿಗುವುದು ಬೇಗೂರಿನ ನಾಗೇಶ್ವರ ಗುಡಿಯ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ, ಅಲ್ಲಿ ಆ ಹೆಸರು ಬರುವುದು ಬೆಂಗಳೂರಿನ ಕಾಳಗದಲ್ಲಿ ಸತ್ತವನೊಬ್ಬನ ನೆನಪಿನ ಜೊತೆ. ಇನ್ನೂ ಸ್ಪಷ್ಟವಾದ ಲೆಕ್ಕ ಮಂಡ್ಯ ಜಿಲ್ಲೆಯ ಆತಕೂರಿನದು. ಕ್ರಿ.ಶ. 949-50ರ ಈ ಕಲ್ಲು ತಕ್ಕೋಲದ ಯುದ್ಧದ ನಂತರದ ಕೊಡುಕೊಳೆಯನ್ನು ಮೇಲಿನಿಂದ ಕೆಳಗಿನವರೆಗೆ ದಾಖಲಿಸಿದೆ. ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟ. ಅದೇ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ, ಮೆಚ್ಚಿದ್ದನ್ನು ಕೇಳು ಎಂದಾಗ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಹಂದಿಯೊಂದರೊಡನೆ ಕಾದಿ, ಅದನ್ನು ಕೊಂದು ತಾನೂ ಸತ್ತಾಗ ಅದಕ್ಕೂ ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿ ಸಂದಿತು. ಸಾಮ್ರಾಟನಿಂದ ನಾಯಿಯವರೆಗೆ ಯಾರ ಪಾಲನ್ನೂ ಬಿಡದ ಲೆಕ್ಕ ಇದು.

ಇದು ಕನ್ನಡನಾಡಿಗೆ ಮಾತ್ರ ಸೇರಿದ ಗುಣವಲ್ಲ. ಇಂಗ್ಲಿಷಿನ ‘ಸೋಲ್ಜರ್’ ಎಂಬ ಪದದ ಒಳಗಿರುವುದು ‘ಸಾಲಿಡಸ್’, ನಾಲ್ಕನೆಯ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಚಲಾವಣೆಗೆ ತಂದ ಬಂಗಾರದ ನಾಣ್ಯ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಆ ಪದಕ್ಕೆ ಮೂಲದಲ್ಲಿ ಕೂಲಿ ಪಡೆದು ಕಾದುವವನು ಎಂದಷ್ಟೇ ಅರ್ಥ. ಸೈನ್ಯದ ಘಟಕಕ್ಕೆ ಹೆಸರಾದ ‘ಕಂಪನಿ’ ಲ್ಯಾಟಿನ್ನಿನಲ್ಲಿ ರೊಟ್ಟಿಗಿರುವ ‘ಪಾನಿಸ್’ ಎಂಬ ಪದದಿಂದ ಬಂದದ್ದು. ಒಟ್ಟಿಗೆ ರೊಟ್ಟಿ ಮುರಿದು ತಿನ್ನುವವರ ಗುಂಪು ಎಂದು ಅದರ ಮೂಲಾರ್ಥ. ಆಟೋಮನ್ ಸುಲ್ತಾನರ ಜಾನಿಸರಿ ಪಡೆಗಳಲ್ಲಿ ಈ ಸಂಬಂಧ ಇನ್ನೂ ಎದ್ದು ಕಾಣುತ್ತದೆ. ಅಲ್ಲಿ ದಳದ ನಾಯಕನ ಪದವಿಯ ಹೆಸರು ‘ಚೋರ್ಬಜಿ’, ಎಂದರೆ ಸಾರು ಬಡಿಸುವವನು. ಅಡುಗೆಯ ಹಂಡೆಯೇ ಆ ದಳದ ಗೌರವದ ಲಾಂಛನ. ಸೈನಿಕರು ಹಂಡೆಯನ್ನು ಬೋರಲು ಹಾಕಿದರೆಂದರೆ ಸುಲ್ತಾನನ ಅನ್ನವನ್ನು ನಿರಾಕರಿಸಿದರು, ದಂಗೆ ಎದ್ದರು ಎಂದೇ ಅರ್ಥ. 1826ರಲ್ಲಿ ಆ ಪಡೆಯನ್ನೇ ಅಳಿಸಿಹಾಕುವವರೆಗೂ ಇಸ್ತಾಂಬುಲ್ಲಿನ ಅರಮನೆ ಆ ಹಂಡೆಯ ಸದ್ದಿಗೆ ಬೆಚ್ಚುತ್ತಿತ್ತು. ಕನ್ನಡದ ಜೋಳ, ರೋಮಿನ ನಾಣ್ಯ, ತುರ್ಕರ ಸಾರು ಒಂದನ್ನೊಂದು ಕಂಡವಲ್ಲ, ಒಂದರಿಂದೊಂದು ಕಲಿತವಲ್ಲ. ಆದರೂ ಮೂರೂ ಒಂದೇ ಸತ್ಯವನ್ನು ಹೇಳುತ್ತವೆ ಎಂಬುದು ನನ್ನ ವಾದಕ್ಕೆ ಬಲವಾದ ಸಾಕ್ಷಿ.

ಪಾರಸಿ ಮತ್ತು ಅರಬ್ಬಿ ಮೂಲದ ಪದಗಳು ಬಹಮನಿ, ಆದಿಲ್‌ಶಾಹಿ, ಮೊಘಲ, ಮರಾಠಾ, ಹೈದರ್ ಮತ್ತು ಟಿಪ್ಪುವಿನ ಆಡಳಿತಗಳ ಮೂಲಕ ಕನ್ನಡಕ್ಕೆ ಬಂದವು. ಅವುಗಳಲ್ಲೂ ಆಡಳಿತದ ಲೆಕ್ಕವೇ ಮುಂದು. ಹವಾಲ್ದಾರ ಎಂದರೆ ಹವಾಲೆ ಹೊತ್ತವನು, ತನ್ನ ವಶಕ್ಕೆ ಒಪ್ಪಿಸಿದ್ದಕ್ಕೆ ಜವಾಬು ಹೇಳಬೇಕಾದವನು. ಮೊಘಲರ ಮೀರ್ ಬಕ್ಷಿ ಸೈನ್ಯದ ಹಾಜರಿ ಮತ್ತು ಸಂಬಳ ನೋಡಿಕೊಳ್ಳುವ ದೊಡ್ಡ ಅಧಿಕಾರಿ. ಸುಬೇದಾರ ಎಂದರೆ ಒಂದು ಸುಬೆಯ, ಅಂದರೆ ಇಡೀ ಪ್ರಾಂತದ ಒಡೆಯ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅದೇ ಬಿರುದು, ಎಷ್ಟು ವರ್ಷ ದುಡಿದರೂ ಕಿರಿಯ ಬಿಳಿಯ ಅಧಿಕಾರಿಯ ಕೈಕೆಳಗೇ ಉಳಿಯುವ ಭಾರತೀಯನ ದರ್ಜೆಯಾಯಿತು. ಪ್ರಾಂತಾಧಿಪತಿಯ ಹೆಸರು ಹೊತ್ತು ಒಂದು ತುಕಡಿಯನ್ನು ನಡೆಸುವುದು: ಒಂದು ದೇಶ ಕಳೆದುಕೊಂಡ ಅಧಿಕಾರದ ಪ್ರಮಾಣ ಆ ಒಂದು ಪದದ ಇಳಿತದಲ್ಲಿ ಇದೆ. ಕವಾಯತು ಅರಬ್ಬಿಯ ‘ಕವಾಯಿದ್’, ಅಂದರೆ ನಿಯಮಗಳು. ಉರ್ದುವಿನಲ್ಲಿ ವ್ಯಾಕರಣಕ್ಕೂ ಅದೇ ಪದ. ಮನೆಯ ಮೇಲಿನ ಛಾವಣಿಗೂ ಸೈನ್ಯದ ಛಾವಣಿಗೂ ಮೂಲ ಒಂದೇ, ಹೊದಿಸುವ ಕೆಲಸ. ಇನ್ನು ಕುಮಕ್ ಎಂಬ ಪದದ ಪಯಣವನ್ನು ನೋಡಿ. ಯುದ್ಧದಲ್ಲಿ ಹಿಂದಿನಿಂದ ಬರುವ ನೆರವಿನ ಪಡೆಗೆ ಆ ಹೆಸರಿತ್ತು. ದಕ್ಷಿಣ ಕನ್ನಡದ ರೈತನ ವರ್ಗ ಭೂಮಿಗೆ ಹೊಂದಿಕೊಂಡು, ಸೊಪ್ಪು ಸೌದೆಯ ನೆರವಿಗಾಗಿ ಇರುವ ಕುಮ್ಕಿ ಜಾಗ, ಕಾಡಾನೆ ಹಿಡಿಯಲು ನೆರವಾಗುವ ಕುಮ್ಕಿ ಆನೆ, ಪತ್ರಿಕೆಗಳು ದಿನವೂ ಬರೆಯುವ ಕುಮ್ಮಕ್ಕು ಎಲ್ಲವೂ ಆ ನೆರವಿನ ಮಕ್ಕಳು. ಯುದ್ಧದ ಪದ ಹೊಲಕ್ಕೆ ಇಳಿದಾಗಲೂ ಉಳಿಸಿಕೊಂಡದ್ದು ಯಾರಿಗೆ ಯಾರು ಆಸರೆ ಎಂಬ ಸಂಬಂಧವನ್ನೇ. ಕೊಲ್ಲುವ ಆಯುಧಗಳ ಹೆಸರೂ ಹೀಗೆ ಕೊಡುಕೊಳೆಯ ದಾಖಲೆಯೇ. ಬಂದೂಕು ಅರಬ್ಬಿಯ ಕಾಯಿಯೊಂದರ ಹೆಸರಿನಿಂದ, ತುಪಾಕಿ ಮತ್ತು ತೋಪು ತುರ್ಕಿಯಿಂದ, ಫಿರಂಗಿ ಯುರೋಪಿನ ಫ್ರಾಂಕರ ಹೆಸರಿನಿಂದ ಬಂದವು. ಮದ್ದು ಮಾತ್ರ ನಮ್ಮದು. ಕಾಯಿಲೆಗೆ ಕೊಡುವ ಔಷಧದ ಹೆಸರನ್ನೇ ಸಿಡಿಯುವ ಪುಡಿಗೂ ಕೊಟ್ಟೆವು.

ಲೆಕ್ಕ ಮುಚ್ಚುವ ಪದಗಳ ದೊಡ್ಡ ಪಾಠವೂ ನಮ್ಮ ನೆಲದಲ್ಲೇ ನಡೆಯಿತು. ಅದರ ಹೆಸರು ಸಹಾಯಕ ಸೈನ್ಯ ಪದ್ಧತಿ. ಗವರ್ನರ್ ಜನರಲ್ ವೆಲ್ಲೆಸ್ಲಿ ದೇಶೀ ರಾಜರುಗಳ ಮೇಲೆ ಹೇರಿದ ಈ ವ್ಯವಸ್ಥೆಯಲ್ಲಿ ಕಂಪನಿಯ ಪಡೆ ರಾಜನ ಸಹಾಯಕ್ಕೆಂದು ಅವನ ನೆಲದಲ್ಲಿ ನಿಲ್ಲುತ್ತದೆ, ಖರ್ಚನ್ನು ರಾಜ ಕೊಡುತ್ತಾನೆ, ಪಡೆ ಮಾತ್ರ ಕಂಪನಿಯ ಮಾತು ಕೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಒಪ್ಪಿಕೊಂಡ ಒಪ್ಪಂದದ ಪ್ರಕಾರ ವರ್ಷಕ್ಕೆ 7 ಲಕ್ಷ ವರಹ ಈ ಸಹಾಯದ ಬೆಲೆ. ಗದ್ದುಗೆಯ ಮೇಲೆ ಕೂತದ್ದು ಐದು ವರ್ಷದ ಬಾಲಕ, ಹಣ ಹುಟ್ಟಬೇಕಾದದ್ದು ರೈತನ ಕಂದಾಯದಿಂದ. ಹೈದರಾಬಾದಿನ ನಿಜಾಮನೂ ಇದೇ ಪದ್ಧತಿಗೆ ಒಳಗಾಗಿದ್ದ. ಟಿಪ್ಪುವಿನ ರಾಜ್ಯದಿಂದ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಕಡಪ, ಅನಂತಪುರದ ಸೀಮೆಗಳನ್ನು ಅವನು 1800ರಲ್ಲಿ ಸೈನ್ಯದ ಖರ್ಚಿಗೆಂದು ಕಂಪನಿಗೇ ಬಿಟ್ಟುಕೊಟ್ಟ. ಬಳ್ಳಾರಿಯ ಕನ್ನಡಿಗರು ಒಂದೂವರೆ ಶತಮಾನ ಮದ್ರಾಸಿನ ಆಡಳಿತದಲ್ಲಿ ಉಳಿದದ್ದರ ಹಿಂದೆ ಆ ‘ಸಹಾಯ’ದ ಬಿಲ್ಲಿದೆ. 1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಇಂಗ್ಲಿಷ್ ಪಡೆ ಬೆಂಗಳೂರಿಗೆ ಬಂದು ನೆಲೆ ನಿಂತಾಗ ಜನ ಆ ಜಾಗವನ್ನು ದಂಡು ಎಂದರು. ಜನರ ಪದ ಒಪ್ಪಂದದ ಪದಕ್ಕಿಂತ ಪ್ರಾಮಾಣಿಕ. ದಂಡ ಎಂದರೆ ಕೋಲು, ಸೈನ್ಯ, ಶಿಕ್ಷೆ, ತೆರಬೇಕಾದ ಹಣ ಎಲ್ಲವೂ ಹೌದು. ಕೌಟಿಲ್ಯ ರಾಜ್ಯದ ಏಳು ಅಂಗಗಳನ್ನು ಎಣಿಸುವಾಗ ಸೈನ್ಯಕ್ಕೆ ಬಳಸಿದ ಪದವೂ ದಂಡವೇ. ಸಹಾಯಕ ಸೈನ್ಯವೆಂಬ ಹೆಸರು ಮರೆಮಾಡಿದ್ದನ್ನು ದಂಡು ಎಂಬ ಎರಡಕ್ಷರ ಹೇಳಿಬಿಡುತ್ತದೆ.

ಇಪ್ಪತ್ತನೆಯ ಶತಮಾನ ಈ ಮುಚ್ಚುವ ಕಲೆಯನ್ನು ಜಗತ್ತಿನ ವಾಡಿಕೆಯಾಗಿಸಿತು. ಅಮೆರಿಕದಲ್ಲಿ 1789ರಿಂದ ಇದ್ದ ಯುದ್ಧ ಇಲಾಖೆಯ ಹೆಸರು ಎರಡನೆಯ ಮಹಾಯುದ್ಧದ ನಂತರ ಮರೆಯಾಗಿ 1949ರಲ್ಲಿ ರಕ್ಷಣಾ ಇಲಾಖೆ ಎಂಬುದು ನೆಲೆಯೂರಿತು. ಬ್ರಿಟನ್ನಿನ ವಾರ್ ಆಫೀಸ್ 1964ರಲ್ಲಿ ರಕ್ಷಣಾ ಸಚಿವಾಲಯದೊಳಗೆ ಕರಗಿತು. ಹೆಸರು ಬದಲಾದ ಮೇಲೆಯೂ ಇವೆರಡೂ ದೇಶಗಳು ತಮ್ಮ ಗಡಿಯಿಂದ ಸಾವಿರಾರು ಮೈಲಿ ದೂರದಲ್ಲಿ ಯುದ್ಧ ಮಾಡಿವೆ. ಹಳ್ಳಿಗಳ ಮೇಲೆ ಬಾಂಬು ಸುರಿಯುವುದಕ್ಕೆ ಶಾಂತಿಸ್ಥಾಪನೆಯೆಂದು ಹೆಸರಿಡುವ ಚಾಳಿಯನ್ನು ಜಾರ್ಜ್ ಆರ್ವೆಲ್ 1946ರ ತನ್ನ ಪ್ರಬಂಧದಲ್ಲೇ ಗುರುತಿಸಿದ್ದ. ಮುಂದೆ ಬಂದ ‘ಕೊಲ್ಯಾಟರಲ್ ಡ್ಯಾಮೇಜ್’ ಎಂಬ ಜೋಡುಪದವನ್ನು ಬಿಡಿಸಿ ನೋಡಿದರೆ ಪಕ್ಕದಲ್ಲಿ ಆದ ಹಾನಿ ಎಂದಷ್ಟೇ ಉಳಿಯುತ್ತದೆ. ಅದರಲ್ಲಿ ಸತ್ತ ಮಗುವಿಲ್ಲ, ಬಾಂಬು ಹಾಕಿದ ಕೈಯಿಲ್ಲ, ಪರಿಹಾರ ಕೊಡಬೇಕಾದ ಖಜಾನೆಯೂ ಇಲ್ಲ. ನೆತ್ತರುಗೊಡಗೆಯ ಪಕ್ಕದಲ್ಲಿ ಈ ಪದವನ್ನು ಇಟ್ಟರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಒಂದು ನೆತ್ತರನ್ನೂ ಕೊಡುವುದನ್ನೂ ಒಟ್ಟಿಗೆ ಕಟ್ಟುತ್ತದೆ, ಇನ್ನೊಂದು ಎರಡನ್ನೂ ಅಳಿಸುತ್ತದೆ.

ಈ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪಣೆ ಭಾಷಾಶಾಸ್ತ್ರದವರದು. ಪದದ ಮೂಲ ಅದರ ಇಂದಿನ ಅರ್ಥವಲ್ಲ. ಕುಮ್ಮಕ್ಕು ಎನ್ನುವವನ ಮನಸ್ಸಿನಲ್ಲಿ ಯಾವ ಪಡೆಯೂ ಇರುವುದಿಲ್ಲ ಎಂದು ಅವರು ಹೇಳುತ್ತಾರೆ. ಇದು ಸರಿಯಾದ ಮಾತು, ಇದನ್ನು ಮರೆತವರು ಬೇಗ ದಾರಿ ತಪ್ಪುತ್ತಾರೆ. ಕಾಲಾಳು ಪಡೆಗೆ ಇಂಗ್ಲಿಷಿನಲ್ಲಿರುವ ‘ಇನ್‌ಫಂಟ್ರಿ’ ಎಂಬ ಹೆಸರು ಇಟಲಿಯಲ್ಲಿ ಎಳೆಯ ಆಳಿಗಿದ್ದ ಪದದಿಂದ ಬಂತು, ಅದರ ಹಿಂದೆ ಮಾತು ಬಾರದ ಕೂಸು ಎಂಬ ಲ್ಯಾಟಿನ್ ಅರ್ಥವಿದೆ. ಇಷ್ಟನ್ನು ಹಿಡಿದು, ಸೈನಿಕನಿಗೆ ಬಾಯಿಲ್ಲವೆಂದೇ ಆ ಹೆಸರಿಟ್ಟರು ಎಂದು ಯಾರಾದರೂ ಹೇಳಿದರೆ ಅದು ಚಂದದ ಮಾತಾದೀತು, ಚರಿತ್ರೆಯಾಗದು. ಹಾಗಾಗಿ ಪದಮೂಲವನ್ನು ನಾನು ಅರ್ಥದ ತೀರ್ಪಾಗಿ ಬಳಸುತ್ತಿಲ್ಲ, ಸಾಕ್ಷಿಯಾಗಿ ಬಳಸುತ್ತಿದ್ದೇನೆ. ಪದವೊಂದು ಹುಟ್ಟಿದಾಗ ಜನ ಯಾವುದನ್ನು ಹೆಸರಿಸಲು ಯೋಗ್ಯವೆಂದು ಕಂಡರು ಎಂಬುದಕ್ಕೆ ಅದು ಸಾಕ್ಷಿ. ಜೋಳವಾಳಿ, ಉಂಬಳಿ, ನೆತ್ತರುಗೊಡಗೆ ಒಂದೇ ಸಮಾಜದಲ್ಲಿ ಒಟ್ಟೊಟ್ಟಿಗೆ ಬಳಕೆಯಲ್ಲಿದ್ದವು, ಶಾಸನಗಳ ಕೊಡುಗೆಗಳು ಅವುಗಳ ಅರ್ಥವನ್ನು ಖಚಿತಪಡಿಸುತ್ತವೆ. ಒಂಟಿ ಪದದ ಸಾಕ್ಷಿಯನ್ನು ಅನುಮಾನಿಸಬಹುದು. ಒಂದು ಗುಂಪು ಪದಗಳು ಕಲ್ಲಿನ ಬರಹದೊಡನೆ ಕೂಡಿ ನುಡಿದಾಗ ಅನುಮಾನಕ್ಕೆ ಎಡೆ ಕಡಿಮೆ.

ಎರಡನೆಯ ಆಕ್ಷೇಪಣೆ ಇನ್ನೂ ತೂಕದ್ದು. ಹಳೆಯ ಕಾಲವೂ ಸಾವನ್ನು ಸಿಂಗರಿಸಲಿಲ್ಲವೇ? ವೀರಗಲ್ಲಿನ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ದೃಶ್ಯ, ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತ ಚಿತ್ರ. ಸ್ವರ್ಗದ ಈ ಆಸೆ ಎಷ್ಟು ಎಳೆಯರನ್ನು ಸಾವಿಗೆ ತಳ್ಳಿತೋ! ಇದನ್ನು ನಾನು ಒಪ್ಪುತ್ತೇನೆ. ಹಳೆಯದೆಲ್ಲ ಸತ್ಯ, ಹೊಸದೆಲ್ಲ ಸುಳ್ಳು ಎಂಬುದು ನನ್ನ ಮಾತಲ್ಲ. ಆದರೂ ಆ ಕಲ್ಲು ಅಪ್ಸರೆಯ ಕೆಳಗೆ ಸತ್ತವನ ಹೆಸರನ್ನೂ ಕೊಟ್ಟ ಗದ್ದೆಯನ್ನೂ ಬರೆಯಿತು. ಸಿಂಗಾರದ ಜೊತೆ ಲೆಕ್ಕವೂ ಉಳಿಯಿತು. ಹಾಗೆಯೇ ಹೊಸ ಪದಗಳಲ್ಲೂ ಲೆಕ್ಕ ತೆರೆದವು ಇವೆ. ಮೊದಲ ಮಹಾಯುದ್ಧದಲ್ಲಿ ಗುಂಡಿನ ಸುರಿಮಳೆಗೆ ಸಿಕ್ಕಿ ನಡುಗುತ್ತಿದ್ದ, ಮಾತು ಕಳೆದುಕೊಂಡ ಸೈನಿಕರನ್ನು ‘ಶೆಲ್ ಶಾಕ್’ ಎಂದು ಗುರುತಿಸಿದರು. ಎಷ್ಟೋ ಜನರನ್ನು ಹೇಡಿಗಳೆಂದೂ ಜರೆದರು. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಅಧಿಕೃತ ಕೈಪಿಡಿಯಲ್ಲಿ ‘ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್’ ಎಂಬ ಹೆಸರನ್ನು ಸೇರಿಸಿದರು. ಉದ್ದನೆಯ, ಒಣ, ಕಚೇರಿಯ ಹೆಸರು ಅದು. ಆದರೆ ವಿಯೆಟ್ನಾಮಿನಿಂದ ಮರಳಿದ ಸೈನಿಕರಿಗೆ ಚಿಕಿತ್ಸೆಯನ್ನೂ ಪಿಂಚಣಿಯನ್ನೂ ಕೇಳುವ ದಾರಿ ಆ ಹೆಸರಿನಿಂದ ಸಿಕ್ಕಿತು. ಪದ ಚಿಕ್ಕದೋ ದೊಡ್ಡದೋ, ದೇಸಿಯೋ ಪರದೇಸಿಯೋ ಎಂಬುದು ಮುಖ್ಯವಲ್ಲ. ಬಾಕಿ ಇರುವುದನ್ನು ಕೇಳಲು ಅದು ದಾರಿ ಮಾಡಿಕೊಡುತ್ತದೆಯೇ ಎಂಬುದು ಮುಖ್ಯ.

ಮೂರನೆಯ ಆಕ್ಷೇಪಣೆ ಹೃದಯದಿಂದ ಬರುವಂಥದು. ಯೋಧನ ತ್ಯಾಗವನ್ನು ಜೋಳಕ್ಕೂ ಸಂಬಳಕ್ಕೂ ಇಳಿಸುವುದು ಅವಮಾನವಲ್ಲವೇ? ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ನಿಂತ ಕಂಬ ಕುವರ ಲಕ್ಷ್ಮನದು. ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಅವನು ಒಡೆಯನ ಜೊತೆ ತನ್ನ ಪ್ರಾಣವನ್ನೂ ನೀಗಿದ, ಹೆಂಡತಿಯೂ ಸಂಗಾತಿಗಳೂ ಅವನ ಜೊತೆ ಪ್ರಾಣ ಬಿಟ್ಟರು. ಅದರಲ್ಲಿ ಯಾವ ಲಾಭವಿತ್ತು? ಲಾಭವಿರಲಿಲ್ಲ. ಆದರೆ ಋಣವಿತ್ತು. ಋಣ ಎಂಬ ಮಾತು ಕನ್ನಡದಲ್ಲಿ ಹಣಕ್ಕಿಂತ ಆಳವಾದುದು. ತಾಯಿಯ ಋಣ, ಮಣ್ಣಿನ ಋಣ, ಉಪ್ಪಿನ ಋಣ ಎಂದು ನಾವು ಹೇಳುವಾಗ ಸಂಬಂಧದ ಹೊಣೆಯನ್ನೇ ಹೇಳುತ್ತೇವೆ. ಜೋಳವಾಳಿಗೂ ವೇಳೆವಾಳಿಗೂ ಬೇರೆ ಬೇರೆ ಹೆಸರಿಟ್ಟ ನಮ್ಮ ಪೂರ್ವಿಕರಿಗೆ ಅನ್ನಕ್ಕಾಗಿ ಕಾದುವವನೂ ಪ್ರೀತಿಗಾಗಿ ಸಾಯುವವನೂ ಬೇರೆ ಎಂಬುದು ಗೊತ್ತಿತ್ತು. ಋಣ ಯಾವಾಗಲೂ ಎರಡು ಕಡೆಯದು. ಉಂಡವನಿಗೆ ಕಾದುವ ಹೊಣೆ ಇದ್ದಂತೆ, ಉಣಿಸಿದವನಿಗೆ ಸತ್ತವನ ಮನೆ ಕಾಯುವ ಹೊಣೆಯಿತ್ತು. ಶೌರ್ಯವನ್ನು ಹೊಗಳುವುದರಲ್ಲೇ ನಿಂತು ಈ ಎರಡನೆಯ ಹೊಣೆಯನ್ನು ಮರೆಯುವುದೇ ಯೋಧನಿಗೆ ಮಾಡುವ ನಿಜವಾದ ಅವಮಾನ.

ನಮ್ಮ ದಿನಗಳಲ್ಲಿ ಈ ಮಾತಿಗೆ ಅತ್ಯಂತ ಹತ್ತಿರದ ಪದ ‘ಹುತಾತ್ಮ’. ಹುತ ಎಂದರೆ ಬೆಂಕಿಗೆ ಅರ್ಪಿಸಿದ್ದು. ತನ್ನನ್ನೇ ಆಹುತಿಯಾಗಿ ಕೊಟ್ಟವನು ಹುತಾತ್ಮ. ಪತ್ರಿಕೆ, ವಾಹಿನಿ, ವೇದಿಕೆ, ವೃತ್ತಗಳ ನಾಮಫಲಕ ಎಲ್ಲ ಕಡೆ ಈ ಪದವಿದೆ. ಆದರೆ ಸೈನ್ಯದ ಕಡತಗಳಲ್ಲಿ ಇದಕ್ಕೆ ಸ್ಥಾನವಿಲ್ಲ, ಇದು ಅಧಿಕೃತ ಪದವಲ್ಲ ಎಂದು ಸರ್ಕಾರ ಹಲವು ಸಲ ಸ್ಪಷ್ಟಪಡಿಸಿದೆ. ಕಡತದಲ್ಲಿರುವುದು ‘ಬ್ಯಾಟಲ್ ಕ್ಯಾಶುವಾಲ್ಟಿ’ ಮತ್ತು ‘ಫಿಸಿಕಲ್ ಕ್ಯಾಶುವಾಲ್ಟಿ’ ಎಂಬ ವಿಂಗಡಣೆ. ಸಾವು ಇವೆರಡರಲ್ಲಿ ಯಾವ ಸಾಲಿಗೆ ಸೇರಿತು ಎಂಬುದರ ಮೇಲೆ ಹೆಂಡತಿ ಮಕ್ಕಳಿಗೆ ಬರುವ ಕುಟುಂಬ ಪಿಂಚಣಿ ನಿಂತಿರುತ್ತದೆ. ಹೂಹಾರದ ದಿನ ನಾವು ಕೂಗುವ ಪದ ಒಂದು, ಮರುದಿನದಿಂದ ಆ ಮನೆಯ ಒಲೆ ಉರಿಸುವ ಪದ ಇನ್ನೊಂದು. ಮೊದಲನೆಯದು ಬೇಡವೆಂದು ನಾನು ಹೇಳುವುದಿಲ್ಲ, ಗೌರವಕ್ಕೂ ಮಾತು ಬೇಕು. ಎರಡನೆಯದನ್ನೂ ಕಲಿಯೋಣ ಎನ್ನುತ್ತೇನೆ. ಕನ್ನಡದಲ್ಲಿ ಸುದ್ದಿ ಬರೆಯುವವರು, ಓದುವವರು, ವೇದಿಕೆಯಲ್ಲಿ ಮಾತಾಡುವವರು ಯುದ್ಧದ ಯಾವುದೇ ಪದವನ್ನು ಬಳಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಸತ್ತವರು ಯಾರು, ಕಳಿಸಿದವರು ಯಾರು, ಸತ್ತವರ ಮನೆಗೆ ಸಲ್ಲಬೇಕಾದದ್ದು ಸಂದಿತೇ? ಈ ಮೂರಕ್ಕೂ ದಾರಿ ಕೊಡದ ಪದವನ್ನು ಪಕ್ಕಕ್ಕಿಟ್ಟು, ನಡೆದದ್ದನ್ನು ನೇರ ಕನ್ನಡದಲ್ಲಿ ಹೇಳಲಿ.